ಎಲ್ಲರೂ ಫೌಂಡರ್ ಆದ್ರೆ ಐಜಿಬಿಟಿ ಮಾಡೋರು ಯಾರು?

ಕಳೆದ ಸೆಮಿಸ್ಟರಲ್ಲಿ ನಮ್ಮ ಕ್ಲಾಸಿಗೆ ಬಂದ ಅತಿಥಿಯೊಬ್ಬರು "ನಿಮ್ಮಲ್ಲಿ ಎಷ್ಟು ಜನ ಫೌಂಡರ್ ಆಗ್ತೀರಿ?" ಅಂತ ಕೇಳಿದ್ರು. ಮುಕ್ಕಾಲು ಕ್ಲಾಸು ಕೈ ಎತ್ತಿತು. ನಾನೂ ಎತ್ತಿದೆ. ಯಾವ ಕಂಪನಿ, ಏನು ಮಾಡುತ್ತೆ ಅಂತ ಕೇಳಿದ್ದಿದ್ರೆ ನನ್ನ ಹತ್ರ ಉತ್ತರ ಇರಲಿಲ್ಲ!

ಇನ್ಫೋಸಿಸ್ ಕಥೆ ನಮಗೆಲ್ಲ ಬಾಯಿಪಾಠ. 1981, ಪುಣೆ, ಏಳು ಜನ ಇಂಜಿನಿಯರುಗಳು, ಸುಧಾ ಮೂರ್ತಿಯವರು ಕೊಟ್ಟ 10,000 ರೂಪಾಯಿ, 1983ರಲ್ಲಿ ಬೆಂಗಳೂರು. ಒಳ್ಳೆಯ ಕಥೆಯೇ. ಆದರೆ ನಮಗೆ ಈ ಒಂದೇ ಥರದ ಕಥೆ ಮಾತ್ರ ಗೊತ್ತು ಅನ್ನೋದು ನನ್ನ ತಕರಾರು.

ನಮ್ಮಪ್ಪ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಕೆಲಸ ಮಾಡ್ತಾರೆ. ಒಂದು ರಾತ್ರಿ ಲೇಟಾಗಿ ಬಂದು, "ಡ್ರೈವ್ ಹೋಗಿತ್ತು ಕಣೋ, ಐಜಿಬಿಟಿ ಸುಟ್ಟೋಗಿತ್ತು" ಅಂದ್ರು. ಅದನ್ನ ಕಂಡುಹಿಡಿದಿದ್ದು ಯಾರಪ್ಪಾ ಅಂದೆ. "ಯಾರೋ ಪುಣ್ಯಾತ್ಮರು. ಇಂಜಿನಿಯರಿಂಗ್ ಓದ್ತಿರೋನು ನೀನು, ನೀನೇ ಹೇಳು" ಅಂದ್ರು. ನನಗೆ ಗೊತ್ತಿರಲಿಲ್ಲ.

ಹುಡುಕಿದ ಮೇಲೆ ನಿಜಕ್ಕೂ ನಾಚಿಕೆಯಾಯ್ತು. ಆ ಪುಣ್ಯಾತ್ಮರ ಹೆಸರು ಬಿ. ಜಯಂತ್ ಬಾಳಿಗಾ. ಬೆಳೆದಿದ್ದು ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ! ಐಐಟಿ ಮದ್ರಾಸಿನಲ್ಲಿ ಬಿಟೆಕ್, ಅಮೆರಿಕದಲ್ಲಿ ಪಿಎಚ್‌ಡಿ, ಆಮೇಲೆ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ಸಂಬಳದ ಕೆಲಸ. ಎಸಿ ಮೋಟರಿನ ವೇಗ ಬದಲಾಯಿಸಬೇಕು ಅಂದ್ರೆ ಅದಕ್ಕೆ ಕೊಡೋ ಫ್ರೀಕ್ವೆನ್ಸಿ ಬದಲಾಯಿಸಬೇಕು. ಅದಕ್ಕೆ ದೊಡ್ಡ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಆನ್-ಆಫ್ ಮಾಡೋ ಸ್ವಿಚ್ ಬೇಕು. ಮಾಸ್‌ಫೆಟ್‌ನ ಹಾಗೆ ಗೇಟಿನ ವೋಲ್ಟೇಜಿಗೆ ಬಗ್ಗುವ, ಬೈಪೋಲಾರ್ ಟ್ರಾನ್ಸಿಸ್ಟರಿನ ಹಾಗೆ ಭಾರ ಹೊರುವ ಸ್ವಿಚ್ಚೇ ಐಜಿಬಿಟಿ. 1980ರ ಸುಮಾರಿಗೆ ಬಾಳಿಗಾ ಅದರ ಮೇಲೆ ಕೆಲಸ ಮಾಡಿ ಫ್ಯಾಕ್ಟರಿಯಲ್ಲಿ ತಯಾರಾಗುವ ಮಟ್ಟಕ್ಕೆ ತಂದರು. ಆರ್‌ಸಿಎ, ತೋಷಿಬಾ ಕಂಪನಿಗಳ ಇಂಜಿನಿಯರುಗಳ ಪಾಲೂ ಇದರಲ್ಲಿದೆ. ಇವತ್ತು ಇನ್ವರ್ಟರ್ ಎಸಿ, ಸೋಲಾರ್ ಇನ್ವರ್ಟರ್, ಮೆಟ್ರೋ ರೈಲು ಎಲ್ಲದರಲ್ಲೂ ಇದೇ. 2024ರಲ್ಲಿ ಅವರಿಗೆ ಫಿನ್ಲೆಂಡಿನ ಮಿಲೇನಿಯಂ ಟೆಕ್ನಾಲಜಿ ಪ್ರಶಸ್ತಿ ಬಂತು. ನಮ್ಮ ಕ್ಯಾಂಪಸ್ಸಿನಲ್ಲಿ ಒಂದು ಸ್ಟೇಟಸ್ ಕೂಡ ಕಾಣಲಿಲ್ಲ.

ಇನ್ನೊಬ್ಬ ಬಾಳಿಗಾ ಇದ್ದಾರೆ, ಆರ್.ಕೆ. ಬಾಳಿಗಾ. ಇವರು ಸರ್ಕಾರದ ಕಂಪನಿ ಕಿಯೋನಿಕ್ಸಿನ ಮೊದಲ ಮುಖ್ಯಸ್ಥರು. ಕೋನಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಗಿದ್ದು 1978ರಲ್ಲಿ, ಇವರ ಕನಸಿನಿಂದ. ಅಂದ್ರೆ ಇನ್ಫೋಸಿಸ್ ಹುಟ್ಟೋಕೂ ಮೂರು ವರ್ಷ ಮೊದಲು. ನಾವು ಇಂಟರ್ನ್‌ಶಿಪ್ಪಿಗೆ ಬಸ್ ಹತ್ತೋ ಜಾಗ ಅದು. ಆ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು?

ಐಜಿಬಿಟಿಯಾಗಲಿ ಎಲೆಕ್ಟ್ರಾನಿಕ್ ಸಿಟಿಯಾಗಲಿ ಸ್ಟಾರ್ಟಪ್‌ನಿಂದ ಬಂದಿದ್ದಲ್ಲ. ಇಬ್ಬರೂ ನೌಕರಿಯಲ್ಲಿದ್ದುಕೊಂಡೇ ಈ ಕೆಲಸ ಮಾಡಿದ್ರು.

ಇದನ್ನ ಹೇಳಿದಾಗ ನನ್ನ ರೂಮ್‌ಮೇಟ್, "ಮಗಾ, ಜಿಇ ಅಂಥ ಲ್ಯಾಬ್ ಅಮೆರಿಕದಲ್ಲಿತ್ತು. ಇಲ್ಲಿ ಕೆಲಸಕ್ಕೆ ಸೇರಿದ್ರೆ ಟಿಕೆಟ್ ಕ್ಲೋಸ್ ಮಾಡ್ಕೊಂಡು ಕೂರ್ಬೇಕಷ್ಟೇ" ಅಂದ. ಅವನ ಮಾತಲ್ಲಿ ಸತ್ಯ ಇದೆ. ಜಾಲಹಳ್ಳಿ ಹುಡುಗ ಅಲ್ಲಿಗೆ ಹೋಗಿ ಮಾಡಬೇಕಾಯ್ತು ಅನ್ನೋದು ನನಗೂ ಚುಚ್ಚುತ್ತೆ. ಅಂಥ ಲ್ಯಾಬ್ ಇಲ್ಲಿ ಕಟ್ಟೋಕೆ ಫೌಂಡರುಗಳು ಬೇಕು, ಒಪ್ತೀನಿ. ಆದರೆ ಆ ಲ್ಯಾಬಿನೊಳಗೆ ಕೂತು ಹತ್ತು ವರ್ಷ ಒಂದೇ ಸಮಸ್ಯೆ ಹಿಡಿಯೋರೂ ಬೇಕಲ್ವಾ? ಅವರಿಗೆ ನಾವು ಚಪ್ಪಾಳೆ ತಟ್ಟಲ್ಲ. ಪವರ್ ಎಲೆಕ್ಟ್ರಾನಿಕ್ಸ್ ಅಂದ್ರೆ "ಪಾಸಾದ್ರೆ ಸಾಕು" ಅಂತೀವಿ.

ನಮ್ಮ ಇ-ಸೆಲ್‌ನವರಿಗೆ ಒಂದು ಕೋರಿಕೆ. ವರ್ಷಕ್ಕೆ ನಾಲ್ಕು ಜನ ಫೌಂಡರುಗಳನ್ನ ಕರೆಸಿ, ಬೇಡ ಅನ್ನಲ್ಲ. ಅದರ ಜೊತೆ ಪೀಣ್ಯದಲ್ಲಿ ಡ್ರೈವ್ ಡಿಸೈನ್ ಮಾಡೋ ಒಬ್ಬ ಇಂಜಿನಿಯರನ್ನೂ ಕರೆಸಿ. "ಎಷ್ಟು ಜನ ಫೌಂಡರ್ ಆಗ್ತೀರಿ" ಅನ್ನೋ ಬದಲು "ಯಾವ ಸಮಸ್ಯೆ ನಿಮ್ಮನ್ನ ಕಾಡ್ತಿದೆ" ಅಂತ ಕೇಳಿಸಿ.

ನನ್ನನ್ನ ಕಾಡ್ತಿರೋದು ಅಪ್ಪನ ಡ್ರೈವ್ ಯಾಕೆ ಪದೇ ಪದೇ ಸುಡುತ್ತೆ ಅನ್ನೋದು. ಸದ್ಯಕ್ಕೆ ಅದೇ ಓದ್ತಿದೀನಿ.