ಕಾರಣ ಹೇಳದ ವಜಾ

ಇಪ್ಪತ್ತೈದು ವರ್ಷ ಒಂದೇ ಸಂಸ್ಥೆಯಲ್ಲಿ ದುಡಿದವನ ಕೈಗೆ ಒಂದು ದಿನ ಎರಡು ಸಾಲಿನ ಕಾಗದ ಬರುತ್ತದೆ: ನಾಳೆಯಿಂದ ತಮ್ಮ ಸೇವೆ ಬೇಕಾಗಿಲ್ಲ. ತಪ್ಪೇನೆಂದು ಅದರಲ್ಲಿ ಬರೆದಿಲ್ಲ. ಐವತ್ತು ದಾಟಿದವನಿಗೆ ಹೊಸ ಕೆಲಸ ಕೊಡುವವರಾರು? ಊರವರಾದರೋ 'ಏನೋ ಮಾಡಿರಬೇಕು' ಎಂದುಕೊಳ್ಳುತ್ತಾರೆ. ಕಾರಣ ಹೇಳದ ವಜಾ ಸಂಬಳದೊಡನೆ ಮಾನವನ್ನೂ ಕಳೆಯುತ್ತದೆ.

ಸರಕಾರಿ ನಿಗಮಗಳ ಮಟ್ಟಿಗೆ ಈ ಪ್ರಶ್ನೆ ಇತ್ಯರ್ಥವಾಗಿದೆ. ಕಲ್ಕತ್ತೆಯ ಒಳನಾಡು ಜಲಸಾರಿಗೆ ನಿಗಮವು ಬ್ರೋಜೋನಾಥ ಗಂಗೂಲಿ ಎಂಬ ಹಿರಿಯ ಲೆಕ್ಕಾಧಿಕಾರಿಯನ್ನು, ಮೂರು ತಿಂಗಳ ಸಂಬಳ ಕೊಟ್ಟರೆ ಸಾಕೆಂಬ ನಿಯಮದಡಿ, ಕಾರಣ ಹೇಳದೆ ಕಳುಹಿಸಿತು. 1986ರಲ್ಲಿ ಸುಪ್ರೀಂ ಕೋರ್ಟು ಆ ನಿಯಮವನ್ನೇ ರದ್ದುಗೊಳಿಸಿತು. ಹೊಟ್ಟೆಪಾಡಿಗಾಗಿ ರುಜು ಹಾಕಿದವನ ಒಪ್ಪಿಗೆ ಸಮಬಲರ ನಡುವಿನ ಒಪ್ಪಂದವಲ್ಲ ಎಂಬುದು ಆ ತೀರ್ಪಿನ ತಿರುಳು. 1990ರಲ್ಲಿ ದೆಹಲಿ ಸಾರಿಗೆ ನಿಗಮದ ಮೊಕದ್ದಮೆಯಲ್ಲಿ ಸಂವಿಧಾನ ಪೀಠವೂ ಇದನ್ನೇ ಎತ್ತಿಹಿಡಿಯಿತು.

ಆದರೆ ಖಾಸಗಿ ಕಂಪೆನಿಯ ಮೇಲಧಿಕಾರಿಗೆ ಈ ರಕ್ಷಣೆ ನೇರವಾಗಿ ದೊರೆಯದು. ಕಾರ್ಮಿಕ ಕಾನೂನು ಮುಖ್ಯವಾಗಿ ಕಾರ್ಮಿಕರಿಗಾಗಿ ಇರುವುದು. ಆಡಳಿತದ ಹುದ್ದೆಯಲ್ಲಿರುವವರಿಗೆ ಸಾಮಾನ್ಯವಾಗಿ ದೊರೆಯುವುದು ನಷ್ಟಪರಿಹಾರವೇ ಹೊರತು ಹೋದ ಕೆಲಸವಲ್ಲ.

ನಮ್ಮವರಿಗೆ ಹೆಚ್ಚು ಹತ್ತಿರದ ಪ್ರಶ್ನೆ ಶಾಲೆಗಳದು. ಹಿಂದೂಪುರದಲ್ಲೋ ಕಲ್ಯಾಣದುರ್ಗದಲ್ಲೋ ಖಾಸಗಿ ಶಾಲೆಯಲ್ಲಿ ಕಲಿಸುವ ಕನ್ನಡಿಗ ಉಪಾಧ್ಯಾಯರಿಗೆ 1982ರ ಆಂಧ್ರಪ್ರದೇಶ ಶಿಕ್ಷಣ ಕಾಯ್ದೆಯ 79ನೇ ಕಲಮಿನ ಆಸರೆಯಿದೆ. ಆರೋಪ ತಿಳಿಸಿ, ವಿಚಾರಣೆ ನಡೆಸಿ, ಉತ್ತರ ಕೊಡಲು ಅವಕಾಶವಿತ್ತ ಮೇಲಷ್ಟೇ ವಜಾ ಎಂಬುದು ಅದರ ನಿಯಮ. ಇನ್ನೊಂದೆಡೆ, ಸಂವಿಧಾನದ 30ನೇ ವಿಧಿ ಭಾಷಾ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ನಡೆಸುವ ಹಕ್ಕು ಕೊಟ್ಟಿದೆ. ವಜಾ ಮಾಡಲು ಸರಕಾರದ ಪೂರ್ವಾನುಮತಿ ಬೇಕೆಂಬ ಆಂಧ್ರದ ಹಳೆಯ ಕಾನೂನು ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು 1980ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಭಾಷಾ ಅಲ್ಪಸಂಖ್ಯಾತರಾರೆಂಬುದನ್ನು ರಾಜ್ಯವಾರು ನೋಡಬೇಕೆಂದು 2002ರ ಟಿ.ಎಂ.ಎ. ಪೈ ತೀರ್ಪು ಸಾರಿತು. ಅಲ್ಲಿಗೆ ಆಂಧ್ರದಲ್ಲೂ ಕೇರಳದಲ್ಲೂ ಕನ್ನಡಿಗರು ಈ ಹಕ್ಕಿಗೆ ಬಾಧ್ಯರು.

ಹಾಗೆಂದು 'ಶಾಲೆ ನಮ್ಮದು, ಯಾರನ್ನಾದರೂ ತೆಗೆಯುತ್ತೇವೆ' ಎಂದು ಆಡಳಿತ ಮಂಡಳಿಗಳು ಬಗೆದರೆ ಅದು ತಪ್ಪು. ಸರಕಾರದ ಅಪ್ಪಣೆ ಬೇಡವೆಂದ 2002ರ ಅದೇ ತೀರ್ಪು, ವಿಚಾರಣೆ ನಡೆಸಲೇಬೇಕೆಂದೂ ಹೇಳಿದೆ. 30ನೇ ವಿಧಿಯ ಹಕ್ಕು ಸಮಾಜದ್ದು, ಮ್ಯಾನೇಜರನ ಸ್ವಂತ ಸೊತ್ತಲ್ಲ. ಕನ್ನಡ ಬಲ್ಲ ಹಿರಿಯ ಮಾಸ್ತರರೊಬ್ಬರು ಹೊರಹೋದರೆ ಆ ಜಾಗಕ್ಕೆ ಕನ್ನಡ ಬಲ್ಲವರೇ ಬರುವರೆಂಬ ಭರವಸೆ ಗಡಿನಾಡಿನಲ್ಲಿಲ್ಲ. ಕನ್ನಡ ತರಗತಿಗೆ ಕನ್ನಡ ಬಾರದ ಅಧ್ಯಾಪಕರು ಬಂದ ಕಷ್ಟವನ್ನು ಕಾಸರಗೋಡು ಉಂಡಿದೆ. ಅಲ್ಲಿ ಅನ್ಯಾಯವಾಗುವುದು ಒಬ್ಬನಿಗಲ್ಲ, ಇಡೀ ತರಗತಿಗೆ.

ಇಂಥ ಕಾಗದ ಬಂದವರು ಮುಖ ಮರೆಸಿಕೊಂಡು ಮನೆಯಲ್ಲಿ ಕೂರಬಾರದು. ಬಲವಂತದ ರಾಜೀನಾಮೆಗೆ ರುಜು ಹಾಕಬಾರದು. ನೇಮಕಾತಿ ಪತ್ರ, ಸೇವಾ ದಾಖಲೆಗಳನ್ನು ಜೋಪಾನವಾಗಿಡಬೇಕು. ಕಾರಣವನ್ನು ಬರೆದು ಕೊಡಿರೆಂದು ಸ್ಪೀಡ್ ಪೋಸ್ಟಿನಲ್ಲಿ ಕೇಳಬೇಕು. ಮೇಲ್ಮನವಿಯ ಅವಧಿ ಮೀರುವ ಮೊದಲೇ ವಕೀಲರನ್ನು ಕಾಣಬೇಕು. ಅಧಿಕಾರಿಗಳಿಗೆ ಅಹವಾಲು ಬರೆಯಲು ತೆಲುಗೋ ಮಲಯಾಳವೋ ಬಾರದೆಂದು ಹಿಂಜರಿಯಬೇಕಾಗಿಲ್ಲ: ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೂ ದೂರು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ.

ನಮ್ಮ ಶಾಲೆಗಳ ಆಡಳಿತ ಮಂಡಳಿಗಳಿಗೂ ಒಂದು ಮಾತು. ಸರಕಾರದಿಂದ ನ್ಯಾಯ ಕೇಳುವ ನಾವು ಮೊದಲು ನಮ್ಮ ಮನೆಯೊಳಗೆ ಅದನ್ನು ಪಾಲಿಸೋಣ. ತೆಗೆಯಲು ತಕ್ಕ ಕಾರಣವಿದ್ದರೆ ಅದನ್ನು ಬರೆಯಲು ಅಂಜಿಕೆಯೇಕೆ? ಬರೆಯಲಾಗದ ಕಾರಣವಾದರೆ ತೆಗೆಯುವ ಹಕ್ಕೂ ಇಲ್ಲ.