ಪಂಪು ಎತ್ತುವ ಮೊದಲು ಒಂದು ಚಿತ್ರ

ಶಿವಮೊಗ್ಗದಿಂದ ಬೆಂಗಳೂರಿಗೆ ಹೋಗುವ ರೈಲು ತುಮಕೂರನ್ನು ದಾಟಿ, ಯಶವಂತಪುರವನ್ನು ಸೇರುವ ಮೊದಲು ಚಿಕ್ಕಬಾಣಾವರವನ್ನು ಹಾಯುತ್ತದೆ. ಒಂದು ಕಾಲಕ್ಕೆ ಕೆರೆ ಮತ್ತು ಹೊಲಗಳ ಹಳ್ಳಿಯಾಗಿದ್ದ ಆ ಊರು ಇಂದು ಮಹಾನಗರದ ಬಡಾವಣೆಗಳ ನಡುವೆ ಸಿಕ್ಕಿಕೊಂಡಿದೆ. ಓದಿಗೆಂದೋ ಕೆಲಸಕ್ಕೆಂದೋ ಮಲೆನಾಡನ್ನು ಬಿಟ್ಟ ನಮ್ಮ ಕಡೆಯವರು ಅಲ್ಲಿಯೂ ನೆಲೆಸಿದ್ದಾರೆ. ನನ್ನ ತಂಗಿಯ ಮನೆಯೂ ಅಲ್ಲಿದೆ. ಮೂವತ್ತು-ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಒಂದು ಮಾರು ಅಗಲದ ಜಾಗವೇ ಅವರ ಹಿತ್ತಿಲು. ಒಂದು ದಾಸವಾಳ, ಒಂದು ಕರಿಬೇವು, ಗೋಡೆಗೆ ಒರಗಿದ ಪರಂಗಿ ಗಿಡ, ಕುಂಡಗಳಲ್ಲಿ ನಾಲ್ಕಾರು ಟೊಮೇಟೊ ಮತ್ತು ಬದನೆ, ಅಷ್ಟೆ.

ಕಳೆದ ಬಾರಿ ಅಲ್ಲಿಗೆ ಹೋದಾಗ ದಾಸವಾಳದ ಕುಡಿಗಳಿಗೆಲ್ಲ ಹಿಟ್ಟು ಚೆಲ್ಲಿದಂತೆ ಬಿಳಿಯ ಕೀಟಗಳು ಮುತ್ತಿದ್ದವು. ತಂಗಿಯು ಅಂಗಡಿಯಿಂದ ತಂದ ಕೀಟನಾಶಕವನ್ನು ಕೈಪಂಪಿನಲ್ಲಿ ಬೆರೆಸಿಟ್ಟು ನನ್ನ ದಾರಿಯನ್ನೇ ಕಾಯುತ್ತಿದ್ದಳು. “ಅಣ್ಣಾ, ನೀನೊಮ್ಮೆ ನೋಡಿಬಿಡು, ಆಮೇಲೆ ಹೊಡೀತೀನಿ” ಎಂದಳು. ನಾನು ಹಿತ್ತಿಲ ಬಾಗಿಲಲ್ಲೇ ನಿಂತು ಒಮ್ಮೆ ಕಣ್ಣು ಹಾಯಿಸಿ, “ಹಿಟ್ಟು ತಿಗಣೆ. ಹೊಡಿ” ಎಂದೆ. ಇಪ್ಪತ್ತು ವರ್ಷಗಳಿಂದ ರೈತರ ತೋಟಗಳಲ್ಲಿ ಹೇಳುತ್ತ ಬಂದ ಮಾತು, ಹೆಚ್ಚು ಯೋಚನೆಯಿಲ್ಲದೆ ಬಾಯಿಂದ ಬಂತು.

ತಡೆದವಳು ಪಿಯುಸಿ ಓದುತ್ತಿರುವ ಅವಳ ಮಗಳು. “ಮಾವಾ, ಒಂದು ನಿಮಿಷ. ನಿನ್ನೆ ಸಂಜೆ ತೆಗೆದ ಫೋಟೋ ನೋಡು” ಎಂದು ಮೊಬೈಲನ್ನು ಮುಂದೆ ಹಿಡಿದಳು. ಅದರ ಕಣ್ಣಿಗೆ ಚಿಕ್ಕದೊಂದು ಮಸೂರದ ಕ್ಲಿಪ್ಪನ್ನು ಸಿಕ್ಕಿಸಿ ತೆಗೆದ ಚಿತ್ರಗಳು ಅವು. ಮೊದಲ ನೋಟಕ್ಕೆ ಎಲ್ಲವೂ ಒಂದೇ ಬಗೆಯ ಬಿಳಿಯ ಹುಳುಗಳು. ದೊಡ್ಡದು ಮಾಡಿ ನೋಡಿದರೆ ಒಂದರ ಮೈಮೇಲಿನ ಮೇಣದ ಎಳೆಗಳು ಉಳಿದವುಗಳಿಗಿಂತ ಉದ್ದವಾಗಿ ಜಡೆಗಟ್ಟಿದ್ದವು. ಮುಂದಿನ ಚಿತ್ರದಲ್ಲಿ ಅದೇ ಹುಳು ತನ್ನ ನೆರೆಯದನ್ನು ಕಚ್ಚಿಕೊಂಡಿತ್ತು. ಹಿಟ್ಟು ತಿಗಣೆಗೆ ಕಚ್ಚುವ ದವಡೆಯೇ ಇಲ್ಲ; ಅದು ಸೂಜಿಯಂಥ ಬಾಯಿಯಿಂದ ಗಿಡದ ರಸ ಹೀರುವ ಜೀವಿ. ಹಾಗಾದರೆ ಇದು ಬೇರೆ. ಗುಲಗಂಜಿ ಹುಳುಗಳ ಕುಟುಂಬಕ್ಕೆ ಸೇರಿದ ಕ್ರಿಪ್ಟೋಲೀಮಸ್ ಎಂಬ ದುಂಬಿಯ ಮರಿ. ಹಿಟ್ಟು ತಿಗಣೆಯ ವೇಷದಲ್ಲಿಯೇ ಅದರ ಗುಂಪಿನೊಳಗೆ ಸೇರಿ ಅದನ್ನೇ ತಿನ್ನುವ ಜೀವಿ. ಸಿಹಿದ್ರವದ ಆಸೆಗೆ ತಿಗಣೆಗಳನ್ನು ಕಾಯುವ ಇರುವೆಗಳೂ ಈ ವೇಷಕ್ಕೆ ಮೋಸ ಹೋಗುವುದುಂಟು. ಅಂದು ಮೋಸ ಹೋದವರಲ್ಲಿ ಕೃಷಿ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ನಾನೂ ಒಬ್ಬ.

ಪಂಪನ್ನು ಎತ್ತಿಟ್ಟೆವು. ಕೆಲವು ವಾರಗಳ ನಂತರ ಅವಳು ಕಳುಹಿಸಿದ ಚಿತ್ರದಲ್ಲಿ ಕಿತ್ತಳೆ ಬಣ್ಣದ ತಲೆಯ, ಕಪ್ಪು ಮೈಯ ಪುಟ್ಟ ದುಂಬಿಗಳಿದ್ದವು. ತಿಗಣೆ ಪೂರ್ತಿ ಹೋಯಿತೆಂದು ಹೇಳಲಾರೆ. ದಾಸವಾಳ ಮಾತ್ರ ಮತ್ತೆ ಚಿಗುರಿತ್ತು.

ಈ ಸಣ್ಣ ಘಟನೆಯನ್ನು ಸಂಪಾದಕೀಯದ ಜಾಗದಲ್ಲಿ ಬರೆಯುವುದಕ್ಕೆ ಕಾರಣವಿದೆ. ಆ ದುಂಬಿಯ ಕಥೆ ನಮ್ಮ ಬೆಟ್ಟದ ತೋಟಗಳಿಗೆ ಸಂಬಂಧಿಸಿದ್ದು. ಅದರ ಮೂಲ ಆಸ್ಟ್ರೇಲಿಯಾ. 1898ರಲ್ಲಿ ಕಾಫಿ ಗಿಡದ ಹಸಿರು ಶಲ್ಕ ಕೀಟದ ಹತೋಟಿಗೆಂದು ಅದನ್ನು ದಕ್ಷಿಣ ಭಾರತಕ್ಕೆ ತರಲಾಯಿತು. ತಂದ ಉದ್ದೇಶ ಈಡೇರಲಿಲ್ಲ. ಆದರೆ ದುಂಬಿ ಇಲ್ಲಿಯೇ ಉಳಿದು, ಹಿಟ್ಟು ತಿಗಣೆಗಳನ್ನು ತಿನ್ನುತ್ತ ನೆಲೆಯೂರಿತು. ಇಂದು ಅದನ್ನು ಪ್ರಯೋಗಾಲಯಗಳಲ್ಲಿ ಸಾಕಿ, ಕಾಫಿ, ದ್ರಾಕ್ಷಿ, ನಿಂಬೆ ಜಾತಿಯ ತೋಟಗಳಿಗೆ ಬಿಡುತ್ತಾರೆ. ಹಣ ಕೊಟ್ಟು ತರಿಸುವ ಆ ಉಪಕಾರಿಯು ತಾನಾಗಿಯೇ ಬಂದು ನಮ್ಮ ಗಿಡದ ಮೇಲೆ ಕುಳಿತಾಗ, ನಾವು ಅದನ್ನು ಶತ್ರುವೆಂದು ತಿಳಿದು ಕೊಲ್ಲುತ್ತಿದ್ದೇವೆ. ನಮ್ಮ ಆಡುಮಾತಿನಲ್ಲಿ ಆ ವಿಷಕ್ಕೆ ‘ಔಷಧಿ’ ಎಂದೇ ಹೆಸರು.

ಚಿಕ್ಕಬಾಣಾವರದಿಂದ ಅನತಿ ದೂರದ ಹೆಬ್ಬಾಳದಲ್ಲಿ ಇನ್ನೊಂದು ಪಾಠವಿದೆ. 2008ರಲ್ಲಿ ಪರಂಗಿಯ ಹಿಟ್ಟು ತಿಗಣೆ ಎಂಬ ಹೊರದೇಶದ ಕೀಟ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ಪರಂಗಿ, ಹಿಪ್ಪುನೇರಳೆ, ದಾಸವಾಳ ಎನ್ನದೆ ಹಲವು ಗಿಡಗಳಿಗೆ ಹಬ್ಬಿ ಕರ್ನಾಟಕಕ್ಕೂ ಬಂತು. ರೈತರು ವಿಷದ ಮೇಲೆ ವಿಷ ಸುರಿದರೂ ಮೇಣದ ಹೊದಿಕೆಯ ಆ ಕೀಟ ಜಗ್ಗಲಿಲ್ಲ. 2010ರಲ್ಲಿ ಹೆಬ್ಬಾಳದ ಸಂಸ್ಥೆ, ಅಂದರೆ ಇಂದಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಪೋರ್ಟೊರಿಕೊದಿಂದ ಅಸೆರೋಫೇಗಸ್ ಪಪಾಯೆ ಎಂಬ ಪರಾವಲಂಬಿ ಕಣಜವನ್ನು ತರಿಸಿ, ಬೆಳೆಸಿ, ತೋಟಗಳಿಗೆ ಬಿಟ್ಟಿತು. ಒಂದು ಮಿಲಿಮೀಟರಿಗೂ ಕಡಿಮೆ ಉದ್ದದ ಆ ಕಣಜವು ಪಂಪುಗಳಿಂದ ಆಗದ ಕೆಲಸವನ್ನು ಮಾಡಿತು. ಬರಿಗಣ್ಣಿಗೆ ಅದೊಂದು ಧೂಳಿನ ಕಣ. ಅದು ಇದೆಯೆಂದು ತಿಳಿಯದವನು ಅದನ್ನು ಉಳಿಸುವುದಾದರೂ ಹೇಗೆ?

ಆದ್ದರಿಂದ ನಾವು ಹೇಳಬಯಸುವುದು ಇಷ್ಟೆ: ಕೀಟಗಳನ್ನು ಹತ್ತಿರದಿಂದ ಚಿತ್ರಿಸುವ ಹವ್ಯಾಸವನ್ನು ಪೇಟೆಯವರ ಶೋಕಿಯೆಂದು ತಳ್ಳಿಹಾಕಬಾರದು. ಅದು ಬೇಸಾಯಗಾರನ ಕೈಗೆ ಬಂದಿರುವ ಹೊಸದೊಂದು ಉಪಕರಣ. ಹಿಂದೆ ಇಂಥ ಛಾಯಾಗ್ರಹಣಕ್ಕೆ ಬೆಲೆಬಾಳುವ ಕ್ಯಾಮೆರಾ, ಮಸೂರ, ರೀಲುಗಳು ಬೇಕಿದ್ದವು. ಮೂಡಿಗೆರೆಯ ತೋಟದಲ್ಲಿದ್ದುಕೊಂಡು ಕ್ಯಾಮೆರಾ ಹಿಡಿದು ಹಕ್ಕಿಗಳ ಬೆನ್ನುಹತ್ತಿದ ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಸುತ್ತಲಿನ ಜೀವಲೋಕವನ್ನು ನೋಡುವುದನ್ನು ಕನ್ನಡಿಗರಿಗೆ ಕಲಿಸಿದರು. ಇಂದು ನಮ್ಮ ಹುಡುಗರ ಜೇಬಿನಲ್ಲಿರುವ ಮೊಬೈಲು, ಅದಕ್ಕೆ ಸಿಕ್ಕಿಸುವ ಅಗ್ಗದ ಮಸೂರ, ಇವೆರಡಿದ್ದರೆ ಆರಂಭಕ್ಕೆ ಸಾಕು.

ಚಿಕ್ಕಬಾಣಾವರದ ಆ ಒಂದು ಮಾರು ಹಿತ್ತಿಲಿನಲ್ಲಿ ಏನೇನು ಸಿಕ್ಕಿತೆಂದು ನೋಡಿ. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕಂಡದ್ದು ಚಿಟ್ಟೆಯ ಎಳೆಯ ಮರಿ. ಬದನೆಯ ಎಲೆಯಡಿ ಬೂಸ್ಟು ಎಂದುಕೊಂಡದ್ದು ಕೂದಲೆಳೆಯ ತುದಿಗಳಲ್ಲಿ ನಿಂತ ಮೊಟ್ಟೆಗಳ ಸಾಲು. ಸಸ್ಯಹೇನುಗಳನ್ನು ತಿನ್ನುವ ಹಸಿರು ಜಾಲರೆಕ್ಕೆಯ ಕೀಟ ಇಟ್ಟದ್ದು. ಮುಂಜಾನೆ ಒಣಕಡ್ಡಿಯೊಂದನ್ನು ದವಡೆಯಲ್ಲಿ ಕಚ್ಚಿ ನಿದ್ರಿಸುತ್ತಿದ್ದದ್ದು ಹೊಟ್ಟೆಯ ಮೇಲೆ ನೀಲಿ ಪಟ್ಟಿಗಳಿರುವ ಒಂಟಿ ಜೇನು. ಟೊಮೇಟೊ ಮತ್ತು ಬದನೆಯ ಹೂಗಳು ಪರಾಗವನ್ನು ಸಣ್ಣ ರಂಧ್ರಗಳ ಕೊಳವೆಯೊಳಗೆ ಇಟ್ಟುಕೊಂಡಿರುತ್ತವೆ. ಈ ನೀಲಿ ಪಟ್ಟಿಯ ಜೇನು ಹೂವನ್ನು ಹಿಡಿದು ಮೈಯನ್ನು ಝೇಂಕರಿಸಿ ಪರಾಗವನ್ನು ಉದುರಿಸುತ್ತದೆ. ತುಡುವೆಗಾಗಲಿ ಹೆಜ್ಜೇನಿಗಾಗಲಿ ಈ ವಿದ್ಯೆ ತಿಳಿಯದು. ಪೆಟ್ಟಿಗೆಯಲ್ಲಿ ಸಾಕಲಾಗದ ಈ ಜೇನು ಮಣ್ಣಿನ ಗೋಡೆಯಲ್ಲೋ ಬರಿ ನೆಲದಲ್ಲೋ ಗೂಡು ತೋಡುತ್ತದೆ. ಅಂಗಳಕ್ಕೆಲ್ಲ ಸಿಮೆಂಟು ಬಳಿದರೆ ಅದಕ್ಕೆ ಮನೆಯಿಲ್ಲ.

ಇಷ್ಟೆಲ್ಲ ಬೆಂಗಳೂರಿನ ಗೋಡೆಗಳ ನಡುವೆ. ಹಿತ್ತಿಲ ಬೇಲಿಗೆ ಕಾಡೇ ತಾಗಿಕೊಂಡಿರುವ ನಮ್ಮಲ್ಲಿ ಎಷ್ಟಿರಬೇಡ! ಆದರೆ ನೋಡುವವರು ಯಾರು? ನಮ್ಮ ತೋಟಗಳಲ್ಲಿ ಕತ್ತಿಯಿಂದ ಸವರುತ್ತಿದ್ದ ಕಳೆಯನ್ನು ಇಂದು ಕಳೆನಾಶಕದಿಂದ ಸುಡುವವರಿದ್ದಾರೆ. ಪರಾವಲಂಬಿ ಕಣಜದ ಮರಿ ಕೀಟದ ಮೈಯಲ್ಲಿ ಬೆಳೆಯುತ್ತದೆ, ನಿಜ. ಆದರೆ ಬೆಳೆದ ಕಣಜ ಬದುಕುವುದು ಹೂವಿನ ಮಕರಂದದ ಮೇಲೆ. ಬದುವಿನ ಹೂಗಳನ್ನು ಸುಟ್ಟವನು ತನ್ನ ಬೆಳೆಯ ಕಾವಲುಗಾರನ ಅನ್ನವನ್ನು ಕಿತ್ತುಕೊಂಡ ಹಾಗೆ. ಆ ನಷ್ಟ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಕಳೆದುಕೊಂಡದ್ದನ್ನು ನಾವು ಎಂದೂ ಕಂಡಿರಲೇ ಇಲ್ಲ.

ನಿಜವಾದ ಶತ್ರುವನ್ನು ಗುರುತಿಸುವುದಕ್ಕೂ ಚಿತ್ರವೇ ನೆರವಾಗುತ್ತದೆ. 2018ರಲ್ಲಿ ಅಮೆರಿಕಾ ಮೂಲದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊದಲು ಪತ್ತೆಯಾದದ್ದು ನಮ್ಮ ಶಿವಮೊಗ್ಗದ ಮೆಕ್ಕೆಜೋಳದ ಹೊಲಗಳಲ್ಲಿ. ಅದರ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’ ಅಕ್ಷರದಂಥ ಗೆರೆಯಿರುತ್ತದೆ. ಹಿಂಭಾಗದಲ್ಲಿ ಚೌಕದ ನಾಲ್ಕು ಮೂಲೆಗಳಂತೆ ನಾಲ್ಕು ಕಪ್ಪು ಚುಕ್ಕೆಗಳಿರುತ್ತವೆ. ಹತ್ತಿರದಿಂದ ತೆಗೆದ ಒಂದು ಸ್ಪಷ್ಟ ಚಿತ್ರವಿದ್ದರೆ ಹಳ್ಳಿಯಲ್ಲಿ ಕುಳಿತವನೂ ಅದನ್ನು ಗುರುತಿಸಬಲ್ಲ. ಹುಳು ಸುಳಿಯೊಳಗೆ ಸೇರುವ ಮೊದಲೇ ತಿಳಿದರೆ ಹತೋಟಿ ಸುಲಭ. ತಿಳಿಯದಿದ್ದರೆ ಅಂಗಡಿಯವನು ಕೊಟ್ಟದ್ದೇ ಔಷಧಿ.

ಹಾಗೆಂದು ಚಿತ್ರವೇ ಎಲ್ಲವೂ ಅಲ್ಲ. ಕೆಲವು ಕೀಟಗಳ ಹೆಸರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟ ಮಾದರಿಯಿಂದಲ್ಲದೆ ಹೇಳಲು ಬಾರದು. ಉಪಕಾರಿ ಕೀಟವೊಂದು ಇದ್ದ ಮಾತ್ರಕ್ಕೆ ಬೆಳೆ ಉಳಿಯುತ್ತದೆ ಎಂಬ ಭರವಸೆಯೂ ಇಲ್ಲ. ಪೀಡೆ ಕೈಮೀರಿದಾಗ ಬೇರೆ ಕ್ರಮ ಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ ವಿದ್ಯಾರ್ಥಿಗಳಿಗೆ. ಕದಲದೆ ಕೂರಲೆಂದು ಕೀಟವನ್ನು ಫ್ರಿಜ್ಜಿನಲ್ಲಿಡುವುದು, ಅಂಟಿಸುವುದು, ಗೂಡು ಬಿಚ್ಚುವುದು ಹೀನ ಕೆಲಸ. ಮುಂಜಾನೆಯ ಚಳಿಯಲ್ಲಿ ಅವು ತಾವಾಗಿಯೇ ಮಂದವಾಗಿರುತ್ತವೆ. ಆಗ ಹೋಗಿ. ಮೊಣಕಾಲೂರಿ ಅದರ ಮಟ್ಟಕ್ಕೆ ಬಾಗಿ. ಗಾಳಿ ಇದ್ದರೆ ಕಾಯಿರಿ. ಬಿಸಿಲು ಚುರುಕಾಗಿದ್ದರೆ ಬಿಳಿಯ ಕಾಗದವೊಂದನ್ನು ಅಡ್ಡ ಹಿಡಿದು ಬೆಳಕನ್ನು ಮೆದುಗೊಳಿಸಿ. ಕೀಟದ ಕಣ್ಣು ಸ್ಪಷ್ಟವಾಗಿ ಮೂಡುವಂತೆ ನೋಡಿಕೊಳ್ಳಿ. ಮುಖ್ಯವಾಗಿ, ಕಾಲುಗಳನ್ನು ಎಣಿಸಿ. ಚಗಳಿ ಇರುವೆಯೆಂದು ನೀವು ತೆಗೆದ ಚಿತ್ರದಲ್ಲಿ ಎಂಟು ಕಾಲುಗಳಿದ್ದರೆ ಅದು ಇರುವೆಯ ವೇಷದ ಜೇಡ!

ಪ್ರತಿ ಚಿತ್ರದ ಜೊತೆಗೆ ಮೂರು ಸಂಗತಿಗಳನ್ನು ಬರೆದಿಡಿ: ದಿನಾಂಕ, ಸ್ಥಳ, ಯಾವ ಗಿಡದ ಮೇಲೆ ಇತ್ತು ಎಂಬುದು. ಇವು ಇಲ್ಲದ ಚಿತ್ರ ಗೋಡೆಗೆ ತೂಗುಹಾಕುವ ಅಲಂಕಾರ. ಇವು ಇದ್ದರೆ ಅದು ದಾಖಲೆ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲಿಯೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಜೀವಸಂಪತ್ತಿನ ದಾಖಲೆ ಪುಸ್ತಕವೂ ಇರಬೇಕು. ನಿಮ್ಮ ಪಂಚಾಯಿತಿಗೆ ಹೋಗಿ ಆ ಪುಸ್ತಕವನ್ನು ಕೇಳಿ ನೋಡಿ. ಅದರಲ್ಲಿ ಕೀಟಗಳಿಗೆಂದು ಎಷ್ಟು ಪುಟಗಳಿವೆ? ಮರಗಳ ಪಟ್ಟಿ ಇರಬಹುದು, ಪ್ರಾಣಿಗಳ ಪಟ್ಟಿ ಇರಬಹುದು. ಬೆಟ್ಟದ ಮೇಲೊಂದು ಗಣಿಯೋ ರಸ್ತೆಯೋ ಬರುವ ದಿನ, ಇಲ್ಲಿ ಏನಿತ್ತು ಎಂದು ಕೇಳಿದಾಗ, ಉತ್ತರ ಹೇಳಬೇಕಾದದ್ದು ಆ ಪುಸ್ತಕ. ಖಾಲಿ ಪುಟ ಯಾರ ಪರವಾಗಿಯೂ ಸಾಕ್ಷಿ ಹೇಳುವುದಿಲ್ಲ.

ಈ ಮಳೆಗಾಲ ಕಳೆದ ಮೇಲೆ ನಮ್ಮ ಬಳಗದ ಪ್ರತಿ ಊರಿನಲ್ಲಿ, ಪ್ರತಿ ಶಾಲೆಯಲ್ಲಿ ಒಂದು ಹಿತ್ತಿಲನ್ನು ಆರಿಸಿಕೊಳ್ಳೋಣ. ವಾರಕ್ಕೊಂದು ಮುಂಜಾನೆ, ಒಂದು ವರ್ಷ, ಅದೇ ಹಿತ್ತಿಲು. ಚಿತ್ರಗಳನ್ನು ಕಳುಹಿಸಿ, ಗುರುತಿಸಲು ಸಾಧ್ಯವಾದುದನ್ನು ಗುರುತಿಸಿ ಈ ಪುಟಗಳಲ್ಲಿ ಪ್ರಕಟಿಸುತ್ತೇವೆ. ಹೆಸರು ತಿಳಿಯದಿದ್ದರೂ ಚಿಂತೆಯಿಲ್ಲ. ಅಜ್ಜಿಯನ್ನು ಕೇಳಿ; ನಮ್ಮ ಪುಸ್ತಕಗಳಲ್ಲಿ ಇಲ್ಲದ ಹೆಸರು ಅವರ ಬಾಯಲ್ಲಿ ಇರಬಹುದು. ಅದನ್ನೂ ಬರೆದು ಕಳುಹಿಸಿ.

ತೋಟದ ಹಿರಿಯರಲ್ಲಿ ನಮ್ಮ ಬೇಡಿಕೆ ಇನ್ನೂ ಚಿಕ್ಕದು. ಪಂಪನ್ನು ಹೆಗಲಿಗೇರಿಸುವ ಮೊದಲು ಮನೆಯ ಮಕ್ಕಳನ್ನು ಕರೆದು, ‘ಇದೊಂದು ಫೋಟೋ ತೆಗೆದು ತೋರಿಸು’ ಎನ್ನಿ. ಐದು ನಿಮಿಷದ ಕೆಲಸ. ಬಾಗಿಲಲ್ಲಿ ನಿಂತೇ ತೀರ್ಪು ಕೊಟ್ಟು ತಪ್ಪಿದವನೊಬ್ಬ ಹೇಳುವ ಮಾತಿದು.