ಸೀಮೆಸುಣ್ಣದ ಬೀದಿ

ಹೆಲೆನ್ ಲೆವಿಟ್ ತೆಗೆದ ಒಂದು ಚಿತ್ರವಿದೆ. ನ್ಯೂಯಾರ್ಕಿನ ಯಾವುದೋ ಬೀದಿ, 1940ರ ಆಸುಪಾಸು. ಇಬ್ಬರು ಹುಡುಗರು ದೊಡ್ಡ ಕನ್ನಡಿಯ ಚೌಕಟ್ಟೊಂದನ್ನು ಎರಡೂ ಬದಿಯಿಂದ ಹಿಡಿದು ನಿಂತಿದ್ದಾರೆ. ಗಾಜು ಒಡೆದುಹೋಗಿದೆ, ಉಳಿದಿರುವುದು ಚೌಕಟ್ಟು ಮಾತ್ರ. ಆ ಖಾಲಿ ಚೌಕಟ್ಟಿನ ನಡುವೆ, ಸ್ವಲ್ಪ ಹಿಂದೆ, ಸೈಕಲ್ಲಿನ ಮೇಲೆ ಕೂತ ಪುಟ್ಟ ಹುಡುಗನೊಬ್ಬ ಕಾಣುತ್ತಾನೆ. ರಸ್ತೆಯಂಚಿನಲ್ಲಿ ಬೇರೆ ಮಕ್ಕಳು ಬಗ್ಗಿ ಗಾಜಿನ ಚೂರು ಹೆಕ್ಕುತ್ತಿದ್ದಾರೆ. ಹಿಂದಿನ ಫುಟ್‌ಪಾತಿನಲ್ಲಿ ದೊಡ್ಡವರು ತಮ್ಮ ಪಾಡಿಗೆ ತಾವಿದ್ದಾರೆ. ಕನ್ನಡಿ ಯಾರ ಮನೆಯದು, ಒಡೆದದ್ದು ಹೇಗೆ, ಆಮೇಲೆ ಯಾರಿಗೆ ಪೆಟ್ಟು ಬಿತ್ತು, ಇದಾವುದನ್ನೂ ಚಿತ್ರ ಹೇಳುವುದಿಲ್ಲ. ಕೆಳಗೆ ಬರೆದಿರುವುದು ಊರಿನ ಹೆಸರು ಮತ್ತು ಅಂದಾಜಿನ ಇಸವಿ, ಅಷ್ಟೆ. ಲೆವಿಟ್ ಅವರ ಹೆಚ್ಚಿನ ಚಿತ್ರಗಳಿಗೆ ಇಷ್ಟೇ ಶೀರ್ಷಿಕೆ.

ಈ ಸಂಚಿಕೆಯನ್ನು ಬೀದಿಯ ಬದುಕಿಗೆ ಮೀಸಲಿಟ್ಟಾಗ ಅಮೆರಿಕದ ಛಾಯಾಗ್ರಾಹಕರೊಬ್ಬರ ಬಗ್ಗೆ ಬರೆಯಬೇಕೆಂದು ಮೊದಲೇ ತೀರ್ಮಾನವಾಗಿತ್ತು. ಇಂಥ ಸಂದರ್ಭದಲ್ಲಿ ಎಲ್ಲರ ಬಾಯಿಗೂ ಬರುವ ಹೆಸರು ರಾಬರ್ಟ್ ಫ್ರಾಂಕ್. ಸ್ವಿಟ್ಜರ್ಲೆಂಡಿನಿಂದ ಬಂದು ನೆಲೆಸಿದ ಅವರು 1955ರಿಂದ ಕಾರಿನಲ್ಲಿ ದೇಶ ಸುತ್ತಿ, ಸಾವಿರಾರು ಚಿತ್ರಗಳಿಂದ ಬರೀ 83ನ್ನು ಆರಿಸಿ ‘ದಿ ಅಮೆರಿಕನ್ಸ್’ ಪುಸ್ತಕ ಮಾಡಿದರು. ಬಾವುಟಗಳು, ಹೆದ್ದಾರಿಗಳು, ಜ್ಯೂಕ್‌ಬಾಕ್ಸ್‌ಗಳು, ಗುಂಪಿನೊಳಗೂ ಒಂಟಿಯಾದ ಮುಖಗಳು. ಅದು ದೊಡ್ಡ ಪುಸ್ತಕವೇ. ಆದರೆ ಅದರಲ್ಲಿ ಫ್ರಾಂಕ್ ಒಂದು ದೇಶದ ಮೇಲೆ ತೀರ್ಪು ಬರೆಯುತ್ತಿದ್ದಾರೆ ಎಂಬ ಭಾವನೆ ಪುಟಪುಟಕ್ಕೂ ಬರುತ್ತದೆ. ಲೆವಿಟ್ ಯಾರ ಮೇಲೂ ತೀರ್ಪು ಬರೆಯಲಿಲ್ಲ. ದೇಶವನ್ನೂ ಸುತ್ತಲಿಲ್ಲ. ತಮ್ಮೂರಿನ ಕೆಲವು ಬೀದಿಗಳಲ್ಲಿ, ಮುಖ್ಯವಾಗಿ ಹಾರ್ಲೆಮ್, ಬ್ರಾಂಕ್ಸ್ ಮತ್ತು ಲೋಯರ್ ಈಸ್ಟ್ ಸೈಡ್‌ನಲ್ಲಿ, ಅರ್ಧ ಶತಮಾನಕ್ಕೂ ಮೀರಿ ನಡೆದಾಡಿದರು. ನನ್ನ ಮಟ್ಟಿಗೆ ಅಮೆರಿಕದ ದಿನನಿತ್ಯದ ಬದುಕನ್ನು ಇವರಷ್ಟು ನಂಬಿಕೆಯಿಂದ ನೋಡಿದವರು ಇನ್ನೊಬ್ಬರಿಲ್ಲ.

ಲೆವಿಟ್ ಹುಟ್ಟಿದ್ದು 1913ರಲ್ಲಿ, ಬ್ರೂಕ್ಲಿನ್ನಿನ ಯಹೂದಿ ಕುಟುಂಬದಲ್ಲಿ. ಹೈಸ್ಕೂಲನ್ನು ನಡುವೆಯೇ ಬಿಟ್ಟು ಬ್ರಾಂಕ್ಸಿನ ಒಬ್ಬ ಸ್ಟುಡಿಯೊ ಛಾಯಾಗ್ರಾಹಕರ ಬಳಿ ವಾರಕ್ಕೆ ಆರು ಡಾಲರ್ ಸಂಬಳಕ್ಕೆ ಸೇರಿದರು. ಫಿಲ್ಮ್ ತೊಳೆಯುವುದು, ಪ್ರಿಂಟ್ ಹಾಕುವುದು ಅಲ್ಲಿಯೇ ಕಲಿತದ್ದು. 1935ರಲ್ಲಿ ಫ್ರಾನ್ಸಿನ ಆನ್ರಿ ಕಾರ್ತಿಯೆ-ಬ್ರೆಸ್ಸೋನ್ ನ್ಯೂಯಾರ್ಕಿನಲ್ಲಿದ್ದಾಗ ಅವರ ಚಿತ್ರಗಳನ್ನು ನೋಡಿ, ಅವರ ಪರಿಚಯವನ್ನೂ ಮಾಡಿಕೊಂಡರು. ಮರುವರ್ಷ ಒಂದು ಸೆಕೆಂಡ್ ಹ್ಯಾಂಡ್ ಲೈಕಾ ಕೊಂಡರು. 1937ರಲ್ಲಿ, ಕೆಲಸವಿಲ್ಲದ ಕಲಾವಿದರಿಗಾಗಿ ಸರ್ಕಾರ ನಡೆಸುತ್ತಿದ್ದ ಫೆಡರಲ್ ಆರ್ಟ್ ಪ್ರಾಜೆಕ್ಟಿನಲ್ಲಿ ಮಕ್ಕಳಿಗೆ ಚಿತ್ರಕಲೆ ಹೇಳಿಕೊಡುವ ಕೆಲಸ ಸಿಕ್ಕಿತು. ಶಾಲೆಗೆ ಹೋಗಿ ಬರುವ ದಾರಿಯಲ್ಲಿ ಅವರ ಕಣ್ಣಿಗೆ ಬಿದ್ದದ್ದು ಸೀಮೆಸುಣ್ಣದ ಗೆರೆಗಳು.

ಆ ಗೆರೆಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕೈಗೆಟಕುವಷ್ಟು ಗೋಡೆ, ಮೆಟ್ಟಿಲು, ಡಾಂಬರು, ಅಂಗಡಿಯ ಬಾಗಿಲು, ಎಲ್ಲೆಂದರಲ್ಲಿ ಮಕ್ಕಳು ಬರೆದಿದ್ದರು. ಕುಂಟೆಬಿಲ್ಲೆಯ ಮನೆಗಳಿದ್ದವು, ಕುದುರೆ ಸವಾರರಿದ್ದರು, ದೊಡ್ಡ ಟೋಪಿ ತೊಟ್ಟ ಹೆಂಗಸರಿದ್ದರು. ಇಂಥವನು ಇಂಥವಳನ್ನು ಪ್ರೀತಿಸುತ್ತಾನೆ ಎಂಬ ಚಾಡಿ ಇತ್ತು, ಬೈಗುಳವಿತ್ತು. ಒಂದು ಗೋಡೆಯ ಮೇಲೆ ಪುಟ್ಟ ವೃತ್ತ ಎಳೆದು, ಇದು ಗುಪ್ತದಾರಿಯ ಗುಂಡಿ, ಒತ್ತಿ ಎಂದು ಯಾರೋ ಬರೆದಿದ್ದರು. ಲೆವಿಟ್ ಇವನ್ನೆಲ್ಲ ಫೋಟೊ ತೆಗೆದರು. ಮಳೆ ಬಂದರೆ, ನಾಲ್ಕು ಜನ ತುಳಿದು ನಡೆದರೆ ಅಳಿಸಿಹೋಗುವ ವಸ್ತು. ಬರೆದ ಮಕ್ಕಳಿಗೂ ಅದನ್ನು ಉಳಿಸಿಕೊಳ್ಳುವ ಆಸೆಯಿರಲಿಲ್ಲ. ಬೀದಿಯ ಗೋಡೆಯ ಮೇಲಿನ ಗೀಚನ್ನು ಹೊಲಸು ಎಂದು ನೋಡುತ್ತಿದ್ದ ಕಾಲದಲ್ಲಿ ಇಪ್ಪತ್ತೈದರ ಒಳಗಿನ ಒಬ್ಬ ಹೆಣ್ಣುಮಗಳು ಅದನ್ನು ಚಿತ್ರವೆಂದೇ ಗೌರವಿಸಿದಳು ಎನ್ನುವುದು ನನಗೆ ಬಹಳ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಹತ್ತು ವರ್ಷಗಳ ಈ ಚಿತ್ರಗಳು ಪುಸ್ತಕವಾಗಿ ಬಂದದ್ದು 1987ರಲ್ಲಿ. ಅಷ್ಟರಲ್ಲಿ ಬರೆದ ಮಕ್ಕಳಿಗೇ ಮೊಮ್ಮಕ್ಕಳಾಗುವಷ್ಟು ವಯಸ್ಸಾಗಿತ್ತು.

ಲೆವಿಟ್ ಕ್ಯಾಮೆರಾ ಹಿಡಿದ ಕಾಲವನ್ನೂ ನೆನಪಿಡಬೇಕು. ಅದು ಮಹಾ ಆರ್ಥಿಕ ಕುಸಿತದ ಹೊತ್ತು. ಬಡವರ ಫೋಟೊ ತೆಗೆಯುವುದಕ್ಕೆ ಆಗ ಒಂದು ನಿರ್ದಿಷ್ಟ ಉದ್ದೇಶವಿತ್ತು. ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದ ಬಟಾಣಿ ಹೊಲದ ಕೂಲಿಗಳ ಬಿಡಾರದಲ್ಲಿ ತೆಗೆದ ತಾಯಿಯ ಚಿತ್ರವನ್ನು ನೋಡದವರು ಕಡಿಮೆ. ಅಲ್ಲಿಯ ಚಿತ್ರಗಳು ಪತ್ರಿಕೆಯಲ್ಲಿ ಬಂದದ್ದೇ ಸರ್ಕಾರ ಆ ಬಿಡಾರಕ್ಕೆ ಆಹಾರ ಕಳಿಸಿತು. ಅಂಥ ಚಿತ್ರಗಳು ಹಸಿವಿಗೆ ಸಾಕ್ಷಿ ಹೇಳಬೇಕಿತ್ತು, ಹೇಳಿದವು. ಅವುಗಳ ಬೆಲೆಯನ್ನು ನಾನು ಕಡಿಮೆ ಮಾಡುತ್ತಿಲ್ಲ. ಆದರೆ ಬಡವರನ್ನು ಯಾವಾಗಲೂ ಸಾಕ್ಷಿಯ ಕಟಕಟೆಯಲ್ಲೇ ನಿಲ್ಲಿಸಿದರೆ ಅವರು ನಗುವುದು, ಜಗಳವಾಡುವುದು, ಸುಮ್ಮನೆ ಮೆಟ್ಟಿಲ ಮೇಲೆ ಕೂತು ಹೊತ್ತು ಕಳೆಯುವುದು ಎಲ್ಲಿ ದಾಖಲಾಗಬೇಕು? ಲೆವಿಟ್ ನೋಡಿದ್ದು ಇದನ್ನು. ಅವರ ಚಿತ್ರದ ಮಕ್ಕಳ ಬಟ್ಟೆ ಹರಿದಿದೆ, ಗೋಡೆಯ ಗಾರೆ ಉದುರಿದೆ, ಬಡತನ ಮುಚ್ಚಿಟ್ಟದ್ದಲ್ಲ. ಆದರೆ ಆ ಹೊತ್ತಿನಲ್ಲಿ ಆ ಮಗುವಿಗೆ ಮುಖ್ಯವಾದದ್ದು ಬಡತನವಲ್ಲ, ಮುಖವಾಡ ಸರಿಯಾಗಿ ಕಟ್ಟಿಕೊಳ್ಳುವುದು. ಹ್ಯಾಲೊವೀನ್ ದಿನ ಮೂವರು ಮಕ್ಕಳು ಮುಖವಾಡ ತೊಟ್ಟು ಮನೆಯ ಮುಂದಿನ ಮೆಟ್ಟಿಲಿಳಿಯುವ ಪ್ರಸಿದ್ಧ ಚಿತ್ರದಲ್ಲಿ ಇರುವುದು ಅದೇ. ರಾಜ್ಯ ಗೆಲ್ಲಲು ಹೊರಟವರ ಗಾಂಭೀರ್ಯ ಅವರ ನಿಲುವಿನಲ್ಲಿದೆ. 1945ರ ಸುಮಾರಿನ ಇನ್ನೊಂದು ಚಿತ್ರದಲ್ಲಿ ನಾಲ್ವರು ಹುಡುಗಿಯರು ಬೆನ್ನು ತಿರುಗಿಸಿ ನಡೆಯುತ್ತ, ಗಾಳಿಯಲ್ಲಿ ತೇಲುವ ಸೋಪಿನ ಗುಳ್ಳೆಗಳ ಕಡೆ ಕತ್ತು ಹೊರಳಿಸಿದ್ದಾರೆ. ಮುಖಗಳು ಪೂರ್ತಿ ಕಾಣುವುದಿಲ್ಲ. ಕಾಣಬೇಕಾಗಿಯೂ ಇಲ್ಲ.

ಇಷ್ಟೊಂದು ಬದುಕು ಬೀದಿಗೆ ಬಂದದ್ದೇಕೆ ಎಂದರೆ ಮನೆಯೊಳಗೆ ಜಾಗವಿರಲಿಲ್ಲ. ವಠಾರದಂಥ ಬಹುಮಹಡಿ ಬಾಡಿಗೆ ಕಟ್ಟಡಗಳು, ಕಿರಿದಾದ ಕೋಣೆಗಳು, ಗಾಳಿಯಾಡದ ಬೇಸಿಗೆ. ಇಟಲಿಯಿಂದ, ಪೂರ್ವ ಯೂರೋಪಿನಿಂದ ವಲಸೆ ಬಂದವರು, ದಕ್ಷಿಣದ ರಾಜ್ಯಗಳಿಂದ ಬಂದ ಕಪ್ಪುಜನ, ಯುದ್ಧದ ನಂತರ ದೊಡ್ಡ ಸಂಖ್ಯೆಯಲ್ಲಿ ಬಂದ ಪೋರ್ಟೊ ರಿಕೊದವರು. ಸಂಜೆಯಾದರೆ ಮುದುಕರು ಕುರ್ಚಿ ತಂದು ಫುಟ್‌ಪಾತಿನಲ್ಲಿ ಹಾಕುತ್ತಿದ್ದರು, ತಾಯಂದಿರು ಕಿಟಕಿಯಿಂದ ಬಗ್ಗಿ ಮಾತಾಡುತ್ತಿದ್ದರು, ಮಕ್ಕಳಿಗೆ ಇಡೀ ರಸ್ತೆಯೇ ಅಂಗಳ. ಇದನ್ನು ನಾನು ಸುಖದ ಚಿತ್ರವೆಂದು ಬಣ್ಣಿಸುತ್ತಿಲ್ಲ. ಇಕ್ಕಟ್ಟಿನಿಂದ ಹುಟ್ಟಿದ ಬೀದಿ ಅದು. ಆದರೆ ಜನ ಆ ಇಕ್ಕಟ್ಟಿನಿಂದ ಕಟ್ಟಿಕೊಂಡದ್ದು ಒಂದು ನಿಜವಾದ ಸಮಾಜ, ಅದಕ್ಕೆ ಲೆವಿಟ್ ಅವರ ಚಿತ್ರಗಳಿಗಿಂತ ಒಳ್ಳೆಯ ದಾಖಲೆ ಇಲ್ಲ. 1961ರಲ್ಲಿ ಜೇನ್ ಜೇಕಬ್ಸ್ ಅಮೆರಿಕದ ಮಹಾನಗರಗಳ ಬಗ್ಗೆ ಬರೆದ ಪುಸ್ತಕದಲ್ಲಿ ಫುಟ್‌ಪಾತು ಮಕ್ಕಳನ್ನು ಬೆಳೆಸುವ ಜಾಗ ಎಂದು ವಾದಿಸಿದರು. ಆ ವಾದ ಬರುವ ಎರಡು ದಶಕ ಮೊದಲೇ ಅದರ ಸಾಕ್ಷ್ಯ ಲೆವಿಟ್ ಅವರ ನೆಗೆಟಿವ್‌ಗಳಲ್ಲಿತ್ತು.

ಒಂದು ವಿಷಯ ನನ್ನನ್ನು ಕಾಡುತ್ತದೆ. ಲೆವಿಟ್ ತಮ್ಮ ಲೈಕಾಗೆ ಒಂದು ಪುಟ್ಟ ಸಾಧನ ಹಾಕಿಕೊಂಡಿದ್ದರು. ಅದರಲ್ಲಿ ನೋಡುವವರ ಮುಖ ಒಂದು ಕಡೆಗಿದ್ದರೆ ಲೆನ್ಸ್ ತೊಂಬತ್ತು ಡಿಗ್ರಿ ಪಕ್ಕಕ್ಕೆ ತಿರುಗಿರುತ್ತದೆ. ತಮ್ಮ ಚಿತ್ರ ತೆಗೆಯುತ್ತಿದ್ದಾರೆಂದು ಎದುರಿನವರಿಗೆ ತಿಳಿಯುವುದಿಲ್ಲ. ಅವರ ಗೆಳೆಯ ವಾಕರ್ ಇವಾನ್ಸ್ ಕೋಟಿನೊಳಗೆ ಕ್ಯಾಮೆರಾ ಅಡಗಿಸಿ ನ್ಯೂಯಾರ್ಕಿನ ಸಬ್‌ವೇ ಪ್ರಯಾಣಿಕರ ಮುಖಗಳನ್ನು ಹಿಡಿಯುತ್ತಿದ್ದಾಗ ಜೊತೆಯಲ್ಲಿ ಕೂರುತ್ತಿದ್ದವರೂ ಲೆವಿಟ್ ಅವರೇ. ಕೇಳಿದ್ದರೆ ಆ ಚಿತ್ರಗಳು ಇರುತ್ತಿರಲಿಲ್ಲ, ನಿಜ. ಕ್ಯಾಮೆರಾ ಕಂಡ ಮಗು ಆಟ ನಿಲ್ಲಿಸಿ ನೆಟ್ಟಗೆ ನಿಲ್ಲುತ್ತದೆ. ಆದರೂ ಕೇಳದೆ ತೆಗೆದುಕೊಂಡದ್ದು ತೆಗೆದುಕೊಂಡದ್ದೇ. ಅವರ ಚಿತ್ರಗಳನ್ನು ಮತ್ತೆ ಮತ್ತೆ ನೋಡಿದ ಮೇಲೆ ನನಗೆ ಸಮಾಧಾನ ಕೊಡುವುದು ಒಂದೇ ಅಂಶ. ಅವರು ಯಾರನ್ನೂ ನಗೆಪಾಟಲು ಮಾಡಲಿಲ್ಲ, ಯಾರ ಸಂಕಟವನ್ನೂ ಮಾರಾಟದ ಸರಕು ಮಾಡಲಿಲ್ಲ. ಮಾತಿನಲ್ಲಿಯೂ ಬಹಳ ಬಿಗಿ. ಚಿತ್ರಗಳ ಅರ್ಥ ವಿವರಿಸಲು ಒಪ್ಪುತ್ತಿರಲಿಲ್ಲ, ಸಂದರ್ಶನ ಕೊಟ್ಟದ್ದೂ ಅಪರೂಪ. ತಾವು ಕಂಡ ಜನರ ಬಗ್ಗೆ ಕಥೆ ಕಟ್ಟುವ ಹಕ್ಕು ತಮಗಿಲ್ಲ ಎಂದು ಅವರು ತಿಳಿದಿದ್ದರು ಎಂದೇ ನಾನು ಆ ಮೌನವನ್ನು ಓದುತ್ತೇನೆ.

ಇಂದಿನ ಮಾತು ಬೇರೆ. 1943ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಲೆವಿಟ್ ಅವರ ಮಕ್ಕಳ ಚಿತ್ರಗಳ ಪ್ರದರ್ಶನ ನಡೆದಾಗ ಆ ಮಕ್ಕಳನ್ನು ಗುರುತಿಸಿ ಬೆನ್ನುಹತ್ತುವ ಹಾದಿ ಯಾರಿಗೂ ಇರಲಿಲ್ಲ. ಈಗ ಬೆಳಿಗ್ಗೆ ಮೊಬೈಲಿನಲ್ಲಿ ತೆಗೆದ ಮಗುವಿನ ಚಿತ್ರ ಸಂಜೆಯೊಳಗೆ ಅದರ ಶಾಲೆಯ ಗೇಟಿನವರೆಗೂ ತಲುಪುತ್ತದೆ. ಲೆವಿಟ್ ಹೀಗೆ ಮಾಡಿದರಲ್ಲ ಎಂಬ ಸಮರ್ಥನೆ ಈಗ ನಿಲ್ಲುವುದಿಲ್ಲ.

ಬೀದಿಯನ್ನು ಅವರು ಸಿನಿಮಾದಲ್ಲೂ ಹಿಡಿದರು. ಲೇಖಕ ಜೇಮ್ಸ್ ಏಜಿ ಮತ್ತು ಗೆಳತಿ ಜಾನಿಸ್ ಲೋಬ್ ಜೊತೆ ಸೇರಿ 1940ರ ದಶಕದ ನಡುವೆ ಈಸ್ಟ್ ಹಾರ್ಲೆಮ್‌ನಲ್ಲಿ ತೆಗೆದ ‘ಇನ್ ದ ಸ್ಟ್ರೀಟ್’ ಸುಮಾರು ಕಾಲು ಗಂಟೆಯ ಮಾತಿಲ್ಲದ ಚಿತ್ರ. ಕಥೆಯಿಲ್ಲ, ನಾಯಕನಿಲ್ಲ. ಮಕ್ಕಳು ಹೊಡೆದಾಡುತ್ತಾರೆ, ಮುದುಕಿಯರು ನಡೆದು ಹೋಗುತ್ತಾರೆ. ಏಜಿ ಲೆವಿಟ್ ಅವರ ಚಿತ್ರಗಳಿಗಾಗಿ ಬರೆದ ದೀರ್ಘ ಪ್ರಬಂಧವಂತೂ ಕಾದು ಕೂತಿತು. ಅದು ‘ಎ ವೇ ಆಫ್ ಸೀಯಿಂಗ್’ ಪುಸ್ತಕದಲ್ಲಿ ಅಚ್ಚಾದದ್ದು 1965ರಲ್ಲಿ, ಏಜಿ ತೀರಿಕೊಂಡು ಹತ್ತು ವರ್ಷವಾದ ಮೇಲೆ.

1959 ಮತ್ತು 1960ರಲ್ಲಿ ಗುಗೆನ್‌ಹೈಮ್ ಸಹಾಯಧನ ಸಿಕ್ಕಾಗ ಲೆವಿಟ್ ಬಣ್ಣದ ಫಿಲ್ಮಿಗೆ ಕೈಹಾಕಿದರು. ಬಣ್ಣವೆಂದರೆ ಜಾಹೀರಾತಿನ ಸೊತ್ತು, ಕಲೆ ಏನಿದ್ದರೂ ಕಪ್ಪುಬಿಳುಪಿನಲ್ಲಿ ಎಂದು ನಂಬಿದ್ದ ಕಾಲ. 1970ರಲ್ಲಿ ಕಳ್ಳನೊಬ್ಬ ಅವರ ಮನೆಗೆ ನುಗ್ಗಿ ಆ ಬಣ್ಣದ ಚಿತ್ರಗಳಲ್ಲಿ ಬಹುಪಾಲನ್ನು ಹೊತ್ತೊಯ್ದ. ಅವು ಹೋದವು. ಐವತ್ತೇಳರ ಹರೆಯದ ಲೆವಿಟ್ ಮತ್ತೆ ಕ್ಯಾಮೆರಾ ಹೆಗಲಿಗೇರಿಸಿ ಅದೇ ಬೀದಿಗಳಿಗೆ ಹೋದರು. 1974ರಲ್ಲಿ ಅದೇ ಮ್ಯೂಸಿಯಂ ಅವರ ನಲವತ್ತು ಬಣ್ಣದ ಸ್ಲೈಡುಗಳನ್ನು ಗೋಡೆಯ ಮೇಲೆ ತೋರಿಸಿತು. ಬಣ್ಣದ ಛಾಯಾಚಿತ್ರವನ್ನು ಕಲೆಯೆಂದು ಒಪ್ಪಿಸಿದ ಕೀರ್ತಿ ಸಾಮಾನ್ಯವಾಗಿ ಸಲ್ಲುವುದು ವಿಲಿಯಂ ಎಗಲ್‌ಸ್ಟನ್ ಅವರ 1976ರ ಪ್ರದರ್ಶನಕ್ಕೆ. ಎರಡು ವರ್ಷ ಮೊದಲೇ ಲೆವಿಟ್ ಅಲ್ಲಿದ್ದರು ಎಂಬುದನ್ನು ಚರಿತ್ರೆ ಬರೆಯುವವರು ಬೇಗ ಮರೆತುಬಿಡುತ್ತಾರೆ. ಇದು ನನಗೆ ಸರಿಯೆನಿಸುವುದಿಲ್ಲ.

ಆ ಬಣ್ಣದ ಚಿತ್ರಗಳಲ್ಲಿ ಬೀದಿ ಬದಲಾಗಿದೆ. ಫುಟ್‌ಪಾತಿನ ಉದ್ದಕ್ಕೂ ಕಾರುಗಳು ನಿಂತಿವೆ. 1980ರ ಒಂದು ಚಿತ್ರದಲ್ಲಿ ಹಸಿರು ಕಾರಿನ ಪಕ್ಕ ಹುಡುಗಿಯೊಬ್ಬಳು ಮೈಯನ್ನೆಲ್ಲ ಮಡಿಸಿ ನೆಲಕ್ಕೆ ಬಗ್ಗಿದ್ದಾಳೆ. ಕೆಳಗೆ ಏನೋ ಉರುಳಿಹೋಗಿರಬೇಕು. ನಲವತ್ತು ವರ್ಷದ ಹಿಂದೆ ಇಡೀ ರಸ್ತೆ ಮಕ್ಕಳದಾಗಿತ್ತು, ಈಗ ಕಾರಿಗೂ ಕಲ್ಲಂಚಿಗೂ ನಡುವೆ ಉಳಿದ ಒಂದು ಗೇಣು. ಟೆಲಿವಿಷನ್ನೂ ಏರ್ ಕಂಡೀಷನರೂ ಬಂದ ಮೇಲೆ ಮಕ್ಕಳು ಒಳಗೆ ಸೇರಿಕೊಂಡರು ಎಂದು ಲೆವಿಟ್ ಅವರೇ ಹೇಳುತ್ತಿದ್ದರು. ಹಳೆಯ ಕಟ್ಟಡಗಳನ್ನು ಕೆಡವಿ ಎತ್ತರದ ವಸತಿ ಸಮುಚ್ಚಯ ಕಟ್ಟಿದಾಗ ಮೆಟ್ಟಿಲೂ ಹೋಯಿತು, ಮೆಟ್ಟಿಲ ಮೇಲೆ ಕೂರುವವರೂ ಹೋದರು. ಲೆವಿಟ್ ಅದಕ್ಕಾಗಿ ಗೋಳಾಡಲಿಲ್ಲ. ದೊಡ್ಡವರ, ಮುದುಕರ, ನಾಯಿಗಳ, ಕೋಳಿಗಳ ಚಿತ್ರ ತೆಗೆದರು. 2009ರ ಮಾರ್ಚ್ 29ರಂದು, 95ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ಮೈಸೂರಿನ ಛಾಯಾಗ್ರಾಹಕ ಟಿ. ಎಸ್. ಸತ್ಯನ್ ಕೂಡ ಹೋದರು. ಇಬ್ಬರೂ ಭೇಟಿಯಾಗಿದ್ದರೆಂದು ನಾನು ಹೇಳುತ್ತಿಲ್ಲ. ಆದರೆ 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಅಂಗವಾಗಿ, ಯುನಿಸೆಫ್ ಸತ್ಯನ್ ಅವರ ಮಕ್ಕಳ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿದ್ದು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ. ಲೆವಿಟ್ ಇನ್ನೂ ಕ್ಯಾಮೆರಾ ಹಿಡಿದು ಓಡಾಡುತ್ತಿದ್ದ ಊರು ಅದು. ಸಾಮಾನ್ಯ ಜನರನ್ನು ಅವರ ಪಾಡಿಗೆ ಬಿಟ್ಟು ನೋಡುವ ಗುಣ ಸತ್ಯನ್ ಅವರಲ್ಲೂ ಇತ್ತು. ಆ ಪರಂಪರೆ ಕನ್ನಡದಲ್ಲಿ ಇನ್ನಷ್ಟು ಬೆಳೆಯಬೇಕಿತ್ತು. ನಮ್ಮ ಪತ್ರಿಕೆಗಳಲ್ಲಿ ಉತ್ಸವದ ಚಿತ್ರವಿದೆ, ಅಪಘಾತದ ಚಿತ್ರವಿದೆ, ಗಣ್ಯರ ಚಿತ್ರವಿದೆ. ಬುಧವಾರ ಮಧ್ಯಾಹ್ನ ಒಂದು ಬೀದಿ ಹೇಗಿತ್ತು ಎಂಬ ಚಿತ್ರ ಸಿಗುವುದಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಮುಂದಿನ ಸಂಚಿಕೆಯಿಂದ ಎರಡು ಪುಟಗಳನ್ನು ನಿಮ್ಮ ಬೀದಿಯ ಚಿತ್ರಗಳಿಗೆ ಬಿಡುತ್ತಿದ್ದೇವೆ. ದೊಡ್ಡ ಕ್ಯಾಮೆರಾ ಬೇಕಿಲ್ಲ. ಮನೆಯ ಹಳೆಯ ಆಲ್ಬಮ್ಮಿನಿಂದ ತೆಗೆದು ಕಳಿಸಿದರೂ ಸಂತೋಷ. ಹೊಸ ಚಿತ್ರವಾದರೆ ಅದರಲ್ಲಿರುವವರ ಒಪ್ಪಿಗೆ ಕೇಳಿ ಕಳಿಸಿ, ಮಕ್ಕಳಿದ್ದರೆ ಅವರ ತಂದೆ ತಾಯಿಯ ಒಪ್ಪಿಗೆ ಖಂಡಿತ ಬೇಕು. ಊರು, ಬೀದಿ, ಇಸವಿ ಇಷ್ಟನ್ನು ತಪ್ಪದೆ ಬರೆಯಿರಿ. ಉಳಿದ ವಿವರಣೆಯನ್ನು ನಾವು ಅಚ್ಚು ಹಾಕುವುದಿಲ್ಲ.